ಟೆರೇಸಿನ ಮೂಲೆಯ ಬಲೆ

ಮಕ್ಕಳೇ, ಮೊನ್ನೆ ನಾನು ಟೆರೇಸಿನಿಂದ ಬಿಚ್ಚಿ ತಂದ ಹಳೆಯ ಬಲೆಯ ತುಂಡನ್ನು ಕಂಡು ನಿಮ್ಮ ಅಮ್ಮ ಮೂಗು ಮುಚ್ಚಿಕೊಂಡಳು. ಎಷ್ಟು ಮಳೆಗೆ ನೆನೆದರೂ ಅದರ ಒಣಮೀನಿನ ವಾಸನೆ ಹೋಗಿಲ್ಲ. ಮೂಗಿಗೆ ಹತ್ತಿರ ಹಿಡಿದರೆ ನನಗೆ ಒಬ್ಬರ ನಗು ಕೇಳಿಸುತ್ತದೆ...

ನಿಮ್ಮ ಅಜ್ಜ ಹೋದ ಮೇಲೆ ನಾನು ಪೆರ್ಡೂರು ಬಿಟ್ಟು ಸಂತೆಕಟ್ಟೆಯ ಈ ಫ್ಲ್ಯಾಟಿಗೆ ಬಂದೆ. ಯಾರ ಪರಿಚಯವೂ ಇರಲಿಲ್ಲ. ಮಾತಾಡಲು ನಾಚಿಕೆ. ಹಲಸಿನ ಹಪ್ಪಳ ಒಣಗಿಸಲು ಟೆರೇಸಿಗೆ ಹೋದಾಗ ಸಿಕ್ಕಿದವರು ಮೇಲಿನ ಮನೆಯ ಅಕ್ಕ. ಕಡಲ ಬದಿಯ ಹೆಜಮಾಡಿಯವರು, ಮೀನು ಮಾರಿ ಮಕ್ಕಳನ್ನು ಬೆಳೆಸಿದವರು. ಮಳೆಗಾಲಕ್ಕೆಂದು ನಂಗು, ಬಂಗುಡೆ ಮೀನು ಒಣಗಿಸುತ್ತಿದ್ದರು. ನಾನು ಹಪ್ಪಳದ ಚಾಪೆಯನ್ನು ದೂರ ಎಳೆದುಕೊಂಡರೆ ಅವರಿಗೆ ನಗು.

“ಹೆದರಬೇಡ ಮಾರಾಯ್ತಿ, ನನ್ನ ಬಂಗುಡೆ ನಿನ್ನ ಹಪ್ಪಳ ತಿನ್ನುವುದಿಲ್ಲ.”

ಆಮೇಲೆ ಟೆರೇಸಿಗೆ ಸೋಲಾರ್ ಹಾಕುವ ಮಾತು ಬಂತು. ಮನೆಮನೆಗೂ ಎಸಿ, ಕೆಳಗೆ ಚಾರ್ಜಿಗೆ ನಿಲ್ಲುವ ಸ್ಕೂಟರುಗಳು. ಇನ್ನು ಪ್ರತಿ ಕಟ್ಟಡವೂ ತನ್ನ ಕರೆಂಟನ್ನು ತನ್ನ ಮಾಡಿನ ಮೇಲೆಯೇ ಮಾಡಿಕೊಳ್ಳದಿದ್ದರೆ ಊರಿಗೆ ಸಾಲದು ಎಂದು ನಮ್ಮ ಕಟ್ಟಡದ ಸೆಕ್ರೆಟರಿ ವಿವರಿಸಿದರು. ಸರಿಯಾದ ಮಾತೇ. ಬಿಸಿಲು ಬೀಳುವ ಜಾಗವೆಲ್ಲ ಫಲಕಗಳದ್ದಾಯಿತು.

ಅಕ್ಕನಿಗೆ ಬೇಸರವಾಗಲಿಲ್ಲ. ಇಳಿಜಾರಾದ ಬಿಸಿ ಗಾಜು, ಧೂಳಿಲ್ಲ, ಮರಳಿಲ್ಲ. ಅದರ ಮೇಲೆಯೇ ಮೀನು ಹರಡಿಬಿಟ್ಟರು! ಕರೆಂಟು ಯಾಕೆ ಕಡಿಮೆಯಾಯಿತೆಂದು ನೋಡಲು ಬಂದ ಸೆಕ್ರೆಟರಿ ತಲೆಯ ಮೇಲೆ ಕೈ ಇಟ್ಟುಕೊಂಡರು.

“ಎಂತ ಅಕ್ಕ ಇದು! ಮೀನು ಒಣಗಿಸುವ ಜಾಗವಾ?”

“ಬಿಸಿಲು ಹಿಡಿಯಲಿಕ್ಕೆ ಅಂತ ನೀನೇ ಹೇಳಿದ್ದಲ್ವಾ ಮಗಾ? ನನ್ನ ಮೀನಿಗೂ ಅದೇ ಬೇಕಾದ್ದು.”

ಮೇಲೆ ಬಂದು ಸೇರಿದವರೆಲ್ಲ ನಕ್ಕರು. ಆದರೆ ಮರುದಿನ ಟೆರೇಸಿನ ಬಾಗಿಲಿಗೆ ಬೀಗ ಬಿತ್ತು. ಬುಟ್ಟಿ ಹಿಡಿದು ಮೆಟ್ಟಿಲಲ್ಲಿ ಕುಳಿತಿದ್ದ ಅಕ್ಕನ ಮುಖ... ಮಾರುಕಟ್ಟೆಗೆ ಹೋಗುವುದು ನಿಂತ ಮೇಲೆ ಅವರಿಗೆ ತಮ್ಮದೆಂದು ಉಳಿದದ್ದು ಈ ಕೆಲಸ ಒಂದೇ.

ಮುಂದಿನ ಮೀಟಿಂಗಿನಲ್ಲಿ ನಾನು ಎದ್ದು ನಿಂತೆ. ಪಡು ಬದಿಯ ಮೂಲೆಯಲ್ಲಿ ಒಂದು ಫಲಕ ತೆಗೆದು ಅಕ್ಕನಿಗೆ ಜಾಗ ಬಿಡಿ ಎಂದಷ್ಟೇ ಹೇಳಿದೆ. ನಾನು ಬಾಯಿ ತೆರೆದದ್ದೇ ಆಶ್ಚರ್ಯವಾಗಿ ಯಾರೂ ಬೇಡವೆನ್ನಲಿಲ್ಲ. ಅಕ್ಕ ಹಿಂದಿನಿಂದ ಕೂಗಿದರು: “ಕಾಗೆ ಬಂದು ಗಲೀಜು ಮಾಡುವುದು ನನ್ನ ಮೀನಿನಿಂದಲ್ವಾ? ಗಾಜು ತೊಳೆಯುವುದೂ ನಾನೇ.”

ಕಾಗೆ ಬಾರದ ಹಾಗೆ ಊರಿನಿಂದ ತಂದ ಮೀನಿನ ಬಲೆಯನ್ನು ಆ ಮೂಲೆಗೆ ಕಟ್ಟಿದರು. ಬಿಸಿಲೇರುವ ಮೊದಲೇ ಬಟ್ಟೆ ಹಿಡಿದು ಫಲಕಗಳನ್ನು ಒರೆಸುತ್ತಿದ್ದರು, ಮಕ್ಕಳ ಮುಖ ಒರೆಸುವ ಹಾಗೆ. ಪಕ್ಕದಲ್ಲಿ ನನ್ನ ಹಪ್ಪಳದ ಚಾಪೆ. ಅಷ್ಟರಲ್ಲಿ ನಾನು ಅದನ್ನು ದೂರ ಎಳೆಯುವುದನ್ನು ಬಿಟ್ಟಿದ್ದೆ.

ಕಳೆದ ಮಳೆಗಾಲದಲ್ಲಿ ಅಕ್ಕ ತೀರಿಹೋದರು. ಈಗ ಕೆಳಗೆ ಕಾರುಗಳೂ ಚಾರ್ಜಿಗೆ ನಿಲ್ಲುತ್ತವೆ, ಕರೆಂಟು ಸಾಲುತ್ತಿಲ್ಲ. “ಆ ಮೂಲೆ ಖಾಲಿ ಉಂಟಲ್ವಾ ಅಮ್ಮ?” ಎಂದು ಸೆಕ್ರೆಟರಿ ಮೆಲ್ಲಗೆ ಕೇಳಿದರು. ಖಾಲಿಯೇ ಇತ್ತು... “ಹಾಕಿ” ಎಂದೆ. ಬಲೆಯ ಗಂಟನ್ನು ಮಾತ್ರ ನಾನೇ ಹೋಗಿ ಬಿಚ್ಚಿದೆ.

ನಿನ್ನೆ ಅಲ್ಲಿಯೂ ಫಲಕ ಕೂತಿತು. ನೀವು ಓದುವ ಕೋಣೆಯ ಫ್ಯಾನು ತಿರುಗುವುದು ಈಗ ಅಕ್ಕನ ಪಾಲಿನ ಬಿಸಿಲಿನಿಂದಲೂ ಹೌದು. ಬಲೆ ನನ್ನ ಮಂಚದ ಕೆಳಗಿದೆ. ಅದನ್ನು ತೊಳೆಯಬಾರದೆಂದು ನಿಮ್ಮ ಅಮ್ಮನಿಗೆ ನೀವೇ ಹೇಳಿ.