ಕಮಲಾಪುರಕ್ಕೆ ತಡವಾಗಿ

ಜನವರಿಯ ಒಂದು ಬೆಳಿಗ್ಗೆ ಏಳೂವರೆಗೆ ವಿಜಯಪುರದಲ್ಲಿ ಕಲಬುರಗಿ ಬಸ್ಸು ಹತ್ತಿದೆ. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಹೆಣ್ಣುಮಕ್ಕಳ ಸೊನ್ನೆ ಟಿಕೆಟ್ ಕೊಟ್ಟ. ನಾಲ್ಕು ತಾಸಿನ ದಾರಿಗೆ ಒಂದು ಪೈಸೆ ಖರ್ಚಿಲ್ಲ. ಕಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಗಿತ್ತು, ಯಜಮಾನರ ವರ್ಷಾಬ್ದಿಕ ಮುಗಿದಿತ್ತು, ಮೊಣಕಾಲು ನೋವು ಹೇಳಿಕೊಳ್ಳುವಷ್ಟಿರಲಿಲ್ಲ. ಹೋಗದಿರಲು ಇದ್ದ ನೆಪಗಳೆಲ್ಲ ಒಂದೊಂದಾಗಿ ಮುಗಿದುಹೋಗಿದ್ದವು.

ಸಿಂದಗಿಯವರೆಗೂ ಚಳಿಗಾಳಿ. ಕಿಟಕಿಯ ಗಾಜು ಎಷ್ಟು ಎಳೆದರೂ ನಾಲ್ಕು ಬೆರಳು ಸಂದು ಉಳಿಯುತ್ತಿತ್ತು. ಎರಡೂ ಕಡೆ ಜೋಳ ತೆನೆ ಬಿಟ್ಟು ನಿಂತಿತ್ತು. ನಡುನಡುವೆ ತೊಗರಿ ಕೊಯ್ದು ಬಣವೆ ಹಾಕಿದ್ದರು. ಸಿಂದಗಿಯಲ್ಲಿ ಬಸ್ಸು ಹದಿನೈದು ನಿಮಿಷ ನಿಂತಾಗ ಚಹ ಕುಡಿದೆ. ಮುಂದೆ ಜೇವರ್ಗಿ ದಾಟಿ ಭೀಮಾ ನದಿಯ ಸೇತುವೆ ಬಂದಾಗ, ಇಲ್ಲಿಂದಲೇ ವಾಪಸಾಗಿಬಿಡಲೇ ಅನ್ನಿಸಿತು. ಈ ಹಿಂಜರಿಕೆ ಏಕೆ ಎಂಬುದನ್ನು ಮೊದಲು ಹೇಳಬೇಕು.

ಮೂವತ್ತು ವರ್ಷದ ಹಿಂದೆ ನಾನು ಕಲಬುರಗಿಯಲ್ಲಿ, ಆಗ ಗುಲಬರ್ಗಾ ಎನ್ನುತ್ತಿದ್ದೆವು, ಹೆಣ್ಣುಮಕ್ಕಳ ಸಣ್ಣ ಹಾಸ್ಟೆಲ್ಲೊಂದರ ವಾರ್ಡನ್ ಆಗಿದ್ದೆ. ನೆಹರು ಗಂಜ್ ಎಂಬ ಧಾನ್ಯದ ಪೇಟೆಯ ಹಿಂದಿನ ಓಣಿಯಲ್ಲಿ ಬಾಡಿಗೆ ಕಟ್ಟಡ, ಇಪ್ಪತ್ತೆಂಟು ಹುಡುಗಿಯರು. ಅವರಲ್ಲಿ ಕಮಲಾಪುರದ ಮಹಾದೇವಿ ಹತ್ತನೇ ತರಗತಿಯಲ್ಲಿದ್ದಳು. ಗಣಿತದಲ್ಲಿ ಜಾಣೆ. ಒಂದು ಮುಂಜಾನೆ ಹಲ್ಲುಜ್ಜುತ್ತಿದ್ದವಳು ನಲ್ಲಿಯ ಹತ್ತಿರವೇ ಬಿದ್ದು ಕೈಕಾಲು ಬಡಿಯತೊಡಗಿದಳು. ಬಾಯಲ್ಲಿ ನೊರೆ, ಕಣ್ಣು ಮೇಲೆ. ಹುಡುಗಿಯರು ಚೀರುತ್ತ ಗೋಡೆಗೆ ಆತುಕೊಂಡರು.

ಫಿಟ್ಸ್ ಬಂದವರಿಗೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು, ಅಂದರೆ ಗೊತ್ತಿದೆ ಎಂದುಕೊಂಡಿದ್ದೆ. ಕೈಗೆ ಕಬ್ಬಿಣದ ಕೀಲಿಕೈ ಹಿಡಿಸಬೇಕು, ನಾಲಿಗೆ ನುಂಗದ ಹಾಗೆ ಹಲ್ಲಿನ ನಡುವೆ ಚಮಚ ಇಡಬೇಕು. ನಮ್ಮ ಮನೆಯಲ್ಲಿ, ಓಣಿಯಲ್ಲಿ, ಶಾಲೆಯಲ್ಲಿ ಎಲ್ಲರೂ ಹೀಗೇ ಮಾಡುತ್ತಿದ್ದರು. ಅಡುಗೆಮನೆಯಿಂದ ಸಾರಿನ ದಪ್ಪ ಚಮಚ ತರಿಸಿದೆ. ದವಡೆ ಬಿಗಿದಿತ್ತು. ನಾನು ಬಲ ಹಾಕಿ ಒತ್ತಿದೆ. ಕಟ್ ಎಂದು ಸದ್ದಾಯಿತು. ಮೇಲಿನ ಮುಂದಿನ ಹಲ್ಲು ಒಂದು ಅರ್ಧಕ್ಕೆ ಮುರಿಯಿತು, ಪಕ್ಕದ್ದು ಬೇರು ಸಮೇತ ನನ್ನ ಅಂಗೈಗೆ ಬಂತು. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಜೀವ ಉಳಿಯಿತಲ್ಲ ಎಂದು ಸಮಾಧಾನಪಟ್ಟೆ.

ಆ ವಾರದಲ್ಲಿ ನಾಲ್ಕೈದು ಹುಡುಗಿಯರ ತಂದೆ ತಾಯಂದಿರು ಬಂದರು. ಆ ನೊರೆ ತಾಗಿದರೆ ತಮ್ಮ ಮಕ್ಕಳಿಗೂ ರೋಗ ಹತ್ತುತ್ತದೆ ಎಂಬುದು ಅವರ ಹೆದರಿಕೆ. ನನಗೂ ಅದೇ ಹೆದರಿಕೆಯಿತ್ತು. ಮಹಾದೇವಿಯ ಅಪ್ಪನನ್ನು ಕರೆಸಿ, ಟ್ರಂಕು ಕೊಟ್ಟು ಕಳಿಸಿದೆ. ಪರೀಕ್ಷೆಗೆ ಎರಡು ತಿಂಗಳಿತ್ತು. ಆಕೆ ಪರೀಕ್ಷೆ ಬರೆಯಲೇ ಇಲ್ಲವೆಂದು ಆಮೇಲೆ ತಿಳಿಯಿತು.

ಇದಾಗಿ ಎಷ್ಟೋ ವರ್ಷಕ್ಕೆ, ನಾನು ವಿಜಯಪುರದ ಶಾಲೆಯಿಂದ ನಿವೃತ್ತಳಾಗುವ ಮೊದಲು, ಶಿಕ್ಷಕರಿಗೆ ಪ್ರಥಮ ಚಿಕಿತ್ಸೆಯ ಒಂದು ದಿನದ ತರಬೇತಿ ನಡೆಯಿತು. ಪಾಠ ಹೇಳಿದ ಡಾಕ್ಟರಮ್ಮ ಕೇಳಿದರು: "ಫಿಟ್ಸ್ ಬಂದವರ ಬಾಯಿಗೆ ಚಮಚ ಇಟ್ಟೋರು ಯಾರ್ ಯಾರು? ಕೈ ಎತ್ರಿ." ಅರ್ಧ ಸಭೆ ನಗುತ್ತ ಕೈ ಎತ್ತಿತು. ನಾನು ಎತ್ತಲಿಲ್ಲ. ಮನುಷ್ಯ ತನ್ನ ನಾಲಿಗೆಯನ್ನು ನುಂಗಲಾರ, ಬಾಯಿಗೆ ಏನನ್ನೂ ತುರುಕಬಾರದು, ಕಬ್ಬಿಣದಿಂದ ಏನೂ ಆಗುವುದಿಲ್ಲ, ಇದು ಅಂಟುರೋಗವೇ ಅಲ್ಲ ಎಂದು ಅವರು ಒಂದೊಂದಾಗಿ ಹೇಳುತ್ತ ಹೋದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಅಂಗೈ ನೋಡಿಕೊಳ್ಳುತ್ತಿದ್ದೆ. ಅದಾಗಿ ಈಗ ಒಂಬತ್ತು ವರ್ಷ.

ಕಲಬುರಗಿ ತಲುಪಿದಾಗ ಹನ್ನೆರಡು ಗಂಟೆ, ಬಿಸಿಲು ಚುರುಕಾಗಿತ್ತು. ಜೇವರ್ಗಿ ಕಾಲೋನಿಯಲ್ಲಿ ಆಗಿನ ನನ್ನ ಸಹಾಯಕಿ ಸುಮಿತ್ರಾ ಟೀಚರ ಮನೆಯಿದೆ. ಆಚೀಚೆ ಟ್ಯೂಶನ್ ಕ್ಲಾಸುಗಳ ಬೋರ್ಡು. ಸುಮಿತ್ರಾ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಮಾಡಿ ಕಾಯುತ್ತಿದ್ದರು. ಊಟ ಆದಮೇಲೆ ಬಂದ ಕಾರಣ ಹೇಳಿದೆ. ಅವರಿಗೆ ಹಿಡಿಸಲಿಲ್ಲ.

"ಈಗ ಹೋಗಿ ಏನ್ ಮಾಡ್ತೀರಿ? ಮಾಯ್ದ ಗಾಯ ಯಾಕ ಕೆದರ್ತೀರಿ?"

"ಮಾಯ್ದದ ಅಂತ ಯಾರ್ ಹೇಳಿದ್ರು?"

"ಆವಾಗ ಎಲ್ಲಾರೂ ಹಂಗೇ ಮಾಡ್ತಿದ್ರು ಬಿಡ್ರಿ. ಚಮಚ ತಂದುಕೊಟ್ಟಾಕಿ ನಾನೇ ಅಲ್ಲೇನು? ನನಗೇನು ನಿದ್ದಿ ಕೆಟ್ಟಿಲ್ಲ." ಅಂದವರು ತಟ್ಟೆಗಳನ್ನು ಎತ್ತಿಟ್ಟು ಬಂದು ತಾವೇ ಮುಂದುವರಿಸಿದರು. "ಕಮಲಾಪುರ ಬಸ್‌ಸ್ಟ್ಯಾಂಡ್ ಹತ್ರ ಕೆಂಪು ಬಾಳೆಹಣ್ಣು ಮಾರ್ತಾಳ ಮಹಾದೇವಿ. ಹೋದ ವರ್ಷ ಹುಮನಾಬಾದಕ್ಕ ಹೋಗೂ ಮುಂದ ಬಸ್ಸಿನಾಗಿಂದ ನೋಡೀನಿ. ಇಳೀಲಿಲ್ಲ."

ಸಂಜೆ ಒಬ್ಬಳೇ ಗಂಜಿನ ಕಡೆ ನಡೆದೆ. ತೊಗರಿಯ ಸುಗ್ಗಿ. ಲಾರಿಗಳು, ಚೀಲ ಹೊತ್ತ ಹಮಾಲರು, ಕನ್ನಡ ಉರ್ದು ಕಲಸಿದ ಕೂಗಾಟ. ಹಾಸ್ಟೆಲ್ ಇದ್ದ ಕಟ್ಟಡ ಈಗ ಬೇಳೆಯ ಗೋದಾಮು. ನಲ್ಲಿಯ ಕಟ್ಟೆ ಇದ್ದಲ್ಲಿ ತೂಕದ ಯಂತ್ರ. "ಏನ್ ಬೇಕಿತ್ರಿ ಅಮ್ಮಾ?" ಎಂದು ಒಬ್ಬರು ಕೇಳಿದರು. ಏನೂ ಇಲ್ಲ ಎಂದು ಹೇಳಿ ಹಿಂದಿರುಗಿದೆ.

ಮರುದಿನ ಹತ್ತು ಗಂಟೆಗೆ ಹುಮನಾಬಾದ್ ಬಸ್ಸು. ಕಮಲಾಪುರ ಒಂದು ತಾಸಿನ ದಾರಿ. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಮಣ್ಣು ಕೆಂಪಾಗುತ್ತ ಹೋಯಿತು, ಅಲ್ಲಲ್ಲಿ ಬಾಳೆಯ ತೋಟಗಳು ಕಂಡವು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಒಂದು ವಾಕ್ಯ ಕಟ್ಟಿಕೊಂಡೆ: "ಮಹಾದೇವಿ, ನನ್ನಿಂದ ನಿನಗೆ ಅನ್ಯಾಯ ಆಗ್ಯದ, ಕ್ಷಮಿಸು ಅಂತ ಕೇಳಾಕ ಬಂದೀನಿ." ಆಕೆ ಬೈದರೆ ಬೈಸಿಕೊಳ್ಳುವುದು, ಗುರುತೇ ಹಿಡಿಯದಿದ್ದರೆ ಹೆಸರು ಹೇಳುವುದು ಎಂದು ನಿರ್ಧರಿಸಿದ್ದೆ.

ಬಸ್ಸಿನಿಂದ ಇಳಿದರೆ ಎದುರಿಗೇ ನಾಲ್ಕು ಬುಟ್ಟಿಗಳ ಸಾಲು. ಕೆಂಪು ಸಿಪ್ಪೆಯ ದಪ್ಪ ಬಾಳೆಹಣ್ಣು. ಮೂರನೇ ಬುಟ್ಟಿಯ ಹಿಂದೆ ಕೂತವಳು ಗಿರಾಕಿಯ ಜೊತೆ ನಗುತ್ತಿದ್ದಳು, ಸೆರಗಿನ ಅಂಚಿನಿಂದ ಬಾಯಿ ಮುಚ್ಚಿಕೊಂಡು. ಹಣ್ಣು ಹೇಗೆ ಎಂದು ಕೇಳಿದೆ. ಆಕೆ ನನ್ನ ಮುಖವನ್ನೇ ನೋಡಿದಳು.

"ಅಕ್ಕೋರೆ? ನಮ್ಮ ಹಾಸ್ಟೆಲ್ ಅಕ್ಕೋರಲ್ಲೇನ್ರಿ?"

ನಾನು ಹೂಂ ಎನ್ನುವಷ್ಟರಲ್ಲಿ ಎದ್ದು ಬಂದು ಕಾಲಿಗೆ ಬಿದ್ದಳು. ಪಕ್ಕದ ಬುಟ್ಟಿಯವರನ್ನು ಕೂಗಿ ಕರೆದಳು. "ಏ, ಇಲ್ಲಿ ಬರ್ರೆ. ನಾ ಯಾವಾಗ್ಲೂ ಹೇಳ್ತಿದ್ದಿಲ್ಲ? ನನ್ನ ಜೀವಾ ಉಳಿಸಿದ ಅಕ್ಕೋರು ಇವರೇ."

ಕಟ್ಟಿಕೊಂಡು ಬಂದ ವಾಕ್ಯಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಬುಟ್ಟಿಯನ್ನು ಪಕ್ಕದವರಿಗೆ ಒಪ್ಪಿಸಿ ಮನೆಗೆ ಕರೆದುಕೊಂಡು ಹೋದಳು. ಎರಡು ಕೋಣೆಯ ಮನೆ, ಹಿತ್ತಲಲ್ಲಿ ಎಮ್ಮೆ. ಗಂಡ ತೋಟಕ್ಕೆ ಹೋಗಿದ್ದ. ಚುರುಮುರಿಯ ಬಿಸಿ ಸುಸಲಾ ಮಾಡಿದಳು, ಮೇಲೆ ಹುರಿಗಡಲೆಯ ಪುಟಾಣಿ ಹಿಟ್ಟು, ಜೊತೆಗೆ ಎರಡು ಹಣ್ಣು. ಕಲಬುರಗಿ ಡಾಕ್ಟರರ ಗುಳಿಗೆಯಿಂದ ಫಿಟ್ಸ್ ನಿಂತು ಹನ್ನೆರಡು ವರ್ಷವಾಯಿತೆಂದು ಹೇಳಿದಳು. ಆಗ ಬಾಗಿಲ ಪಕ್ಕದ ಮೊಳೆಯ ಮೇಲೆ ನನ್ನ ಕಣ್ಣು ಬಿತ್ತು. ಅರಿವೆ ಸುತ್ತಿದ ಒಂದು ಸ್ಟೀಲ್ ಚಮಚ, ದಾರ ಕಟ್ಟಿದ ದೊಡ್ಡ ಕಬ್ಬಿಣದ ಕೀಲಿಕೈ.

"ಅದೇನು, ಮಹಾದೇವಿ?"

"ನಿಮ್ಮದೇ ವಿದ್ಯಾರೀ ಅದು," ಎಂದಳು ಹೆಮ್ಮೆಯಿಂದ. "ಈ ಓಣ್ಯಾಗ ಯಾರಿಗೆ ಫಿಟ್ಸ್ ಬಂದ್ರೂ ನನ್ನನ್ನೇ ಕರೀತಾರ. ಬಾಜೂ ಮನಿ ಶರಣಮ್ಮನ ಮಗಳು ಪೂಜಾ ಅದಾಳಲ್ರಿ, ಹನ್ನೆರಡು ವರ್ಷದಾಕಿ, ಹೋದ ತಿಂಗಳ ಆಕಿಗಿ ಬಂತು. ಹಲ್ಲು ಬಿಡಿಸೋದು ಭಾಳ ತ್ರಾಸ ಆತು, ಜರಾ ತುಟಿ ಹರೀತು. ಆದ್ರ ನಾಲಿಗಿ ಉಳೀತು. ಸಾಲಿ ಬಿಡಿಸ್ರಿ ಅಂತನೂ ಹೇಳೀನಿ. ನನ್ನನ್ನೂ ಬಿಡಿಸಿದ್ರಲ್ಲ, ಬ್ಯಾರೆ ಹುಡುಗ್ಯಾರಿಗಿ ಹತ್ತಬಾರದು ಅಂತ."

ನನ್ನ ತಟ್ಟೆಯನ್ನು ನೆಲಕ್ಕಿಟ್ಟೆ. ಹೇಳದೆ ಹೊರಟುಹೋಗಬಹುದಿತ್ತು. ಆಕೆಯ ಕಣ್ಣಲ್ಲಿ ನಾನು ಜೀವ ಉಳಿಸಿದವಳಾಗಿಯೇ ಉಳಿಯುತ್ತಿದ್ದೆ. ಒಂದು ಕ್ಷಣ ಆ ಆಸೆ ಬಂದದ್ದು ನಿಜ.

"ಮಹಾದೇವಿ, ನಾ ಅವತ್ತ ಮಾಡಿದ್ದು ತಪ್ಪು," ಎಂದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಿಲ್ಲ. ಚಮಚ, ಕೀಲಿಕೈ, ಅಂಟುರೋಗದ ಮಾತು, ಎಲ್ಲವೂ ಸುಳ್ಳೆಂದು ಡಾಕ್ಟರಮ್ಮ ಹೇಳಿದ್ದನ್ನು ಅದೇ ಕ್ರಮದಲ್ಲಿ ಹೇಳಿದೆ.

"ಮತ್ತ ನಾ ಹ್ಯಾಂಗ ಉಳದೆ?" ಎಂದು ಕೊನೆಗೆ ಕೇಳಿದಳು.

"ಅದು ತಾನೇ ನಿಂತಿತ್ತು. ನಾ ಏನೂ ಮಾಡದಿದ್ರೂ ನಿಲ್ತಿತ್ತು."

"ಹಂಗಂದ್ರ ನನ್ನ ಹಲ್ಲು ಸುಮ್ಮನ ಹೋದ್ವು?"

"ಹೌದು."

"ಸಾಲಿನೂ?"

ಅದಕ್ಕೂ ಹೌದು ಎನ್ನಬೇಕಿತ್ತು. ಹೌದೆಂದು ಬರೀ ತಲೆಯಾಡಿಸಿದೆ. ಮಹಾದೇವಿ ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಎಮ್ಮೆಗೆ ನೀರಿಡುವ ಸದ್ದು ಕೇಳಿತು. ತಿರುಗಿ ಬಂದಾಗ ಮುಖ ತೊಳೆದುಕೊಂಡಿದ್ದಳು. ಮೊಳೆಯಿಂದ ಚಮಚ, ಕೀಲಿಕೈ ಎರಡನ್ನೂ ತೆಗೆದಳು.

"ಏಳ್ರಿ ಅಕ್ಕೋರೆ. ಶರಣಮ್ಮನ ಮನಿಗಿ ನಡೀರಿ. ನನ್ನ ಮುಂದ ಹೇಳಿದ್ದು ಆಕಿ ಮುಂದೂ ಹೇಳ್ರಿ. ನಾ ಹೇಳಿದ್ರ ನಂಬಾಂಗಿಲ್ಲ. ಚಮಚ ಇಡು ಅಂತ ಕಲಿಸಿದಾಕೀನೇ ನಾನು."

ಶರಣಮ್ಮ ಅಂಗಳದಲ್ಲಿ ಕಡಲೆ ಸ್ವಚ್ಛ ಮಾಡುತ್ತಿದ್ದಳು. ಪೂಜಾ ಪಕ್ಕದಲ್ಲಿದ್ದಳು, ಕೆಳತುಟಿಯ ಮೇಲೆ ಒಣಗಿದ ಗಾಯದ ಗೆರೆ. ಹೋದ ತಿಂಗಳಿನಿಂದ ಶಾಲೆಗೆ ಹೋಗಿರಲಿಲ್ಲ. ನಾನು ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ಶರಣಮ್ಮ ನನ್ನನ್ನೂ ಮಹಾದೇವಿಯನ್ನೂ ಸರದಿಯಂತೆ ನೋಡಿದಳು.

"ನಾಲಿಗಿ ನುಂಗಿದ್ರ ಏನ್ ಮಾಡ್ಬೇಕ್ರಿ?"

"ನುಂಗಾಕ ಬರೂದಿಲ್ಲ, ತಂಗಿ. ಅದು ಬುಡದಾಗ ಗಟ್ಟಿಯಾಗಿ ಹತ್ತಿರತೈತಿ. ಕಚ್ಚಿಕೊಂಡ್ರ ರಕ್ತ ಬರಬಹುದು, ಆಮ್ಯಾಲೆ ಮಾಯತೈತಿ. ಗುಳಿಗೆ ನಡದಾವೇನು?"

"ಛೊಲೋ ಆಗ್ಯದ ಅಂತ ಬಿಡಿಸಿದ್ವಿ. ಬಿಡಿಸಿ ಹದಿನೈದ ದಿನಕ್ಕ ಮತ್ತ ಬಂತು."

"ಡಾಕ್ಟರ್ ಹೇಳೂತನಕ ಬಿಡಿಸಬಾರದು. ನಾಳೆನೇ ಕರಕೊಂಡು ಹೋಗ್ರಿ."

ಫಿಟ್ಸ್ ಬಂದಾಗ ಏನು ಮಾಡಬೇಕೆಂದು ಶರಣಮ್ಮ ಕೇಳಿದಳು. ನಾನು ಬಾಯಲ್ಲಿ ವಿವರಿಸಲು ಹೊರಟೆ. ಆಗ ಮಹಾದೇವಿ ಅಂಗಳದ ನೆಲದ ಮೇಲೆ ಮಲಗಿದಳು. "ಮಾಡಿ ತೋರಿಸ್ರಿ," ಎಂದಳು.

ಮೊಣಕಾಲೂರಿ ಕೂತೆ. ನನ್ನ ಶಾಲು ಮಡಚಿ ಅವಳ ತಲೆಯ ಕೆಳಗಿಟ್ಟೆ. ಹತ್ತಿರ ಇದ್ದ ಬುಟ್ಟಿ, ಮೊರ ದೂರ ಸರಿಸಿದೆ. ಕೈಕಾಲು ಬಿಗಿಯಾಗಿ ಹಿಡಿಯಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ದವಾಖಾನೆಗೆ ಒಯ್ಯಬೇಕು ಎಂದೆ. ಆಮೇಲೆ ಅವಳ ಭುಜ ಮತ್ತು ಸೊಂಟಕ್ಕೆ ಕೈಯಿಟ್ಟು, ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದೆ, ಜೊಲ್ಲು ಹೊರಗೆ ಹರಿದುಹೋಗುವ ಹಾಗೆ. ಭಾರವಾದ, ಬೆಚ್ಚಗಿನ ಮೈ. ಇಷ್ಟೇ ಮಾಡಬೇಕಿತ್ತು. ಅಂದು ನಲ್ಲಿಯ ಹತ್ತಿರ ಇಷ್ಟು ಮಾಡಿದ್ದರೆ ಸಾಕಿತ್ತು.

"ಇಷ್ಟೇ ಏನ್ರಿ?" ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಇಷ್ಟೇ."

ಪೂಜಾ ನೋಡುತ್ತಿದ್ದಳು. "ಹಂಗಾದ್ರ ನಾ ಸಾಲಿಗಿ ಹೋಗ್ಬಹುದಾ?" ಎಂದು ಅವ್ವನನ್ನು ಕೇಳಿದಳು. ಶರಣಮ್ಮ ನನ್ನ ಕಡೆ ತಿರುಗಿದಳು. ಹೋಗಬಹುದು, ಹೆಡ್‌ಮಾಸ್ತರರಿಗೆ ಮಾತ್ರ ತಿಳಿಸಿರಬೇಕು ಎಂದೆ. ಇಂದೇ ಹೋಗಿ ಮಾತಾಡುವುದೆಂದು ಇಬ್ಬರು ಹೆಂಗಸರೂ ಅಲ್ಲೇ ತೀರ್ಮಾನಿಸಿದರು.

ಎರಡೂವರೆ ಬಸ್ಸಿಗೆ ಮಹಾದೇವಿ ನನ್ನನ್ನು ಬಿಡಲು ಬಂದಳು. ನನಗೆಂದು ತುಂಬಿದ ಹಣ್ಣಿನ ಚೀಲವನ್ನು ಅವಳೇ ಹಿಡಿದಿದ್ದಳು. ನಿಲ್ದಾಣದ ನೆರಳಲ್ಲಿ ನಿಂತಾಗ ಕ್ಷಮೆ ಕೇಳಿದೆ.

"ಆವಾಗ ನಿಮಗ ಗೊತ್ತಿದ್ದಿಲ್ಲ, ಖರೇ," ಎಂದಳು. "ಗೊತ್ತಾಗಿ ಎಷ್ಟು ದಿನ ಆತ್ರಿ?"

ಸುಳ್ಳು ಹೇಳಲಾಗಲಿಲ್ಲ. "ಒಂಬತ್ತು ವರ್ಷ."

ಅವಳು ರಸ್ತೆಯ ಕಡೆ ನೋಡುತ್ತ ನಿಂತಳು. ಹುಮನಾಬಾದ್ ಕಡೆಯಿಂದ ಬಸ್ಸು ಬರುವುದು ಕಾಣಿಸಿತು. ಚೀಲವನ್ನು ನನ್ನ ಕೈಗೆ ಕೊಟ್ಟಳು.

"ಪೂಜಾಗ ಫಿಟ್ಸ್ ಶುರುವಾಗಿ ಎರಡು ವರ್ಷ ಆತ್ರಿ. ಅದಕ್ಕಿಂತ ಮದಲ ಬಂದಿದ್ರೂ ಆಗ್ತಿತ್ತು, ಅಕ್ಕೋರೆ."

ಬಸ್ಸು ಹತ್ತಿದೆ. ಕಂಡಕ್ಟರ್ ಎಲ್ಲಿಗೆ ಎಂದು ಎರಡು ಸಲ ಕೇಳಬೇಕಾಯಿತು. ಸೀಟಿನಲ್ಲಿ ಕೂತು ಹಿಂತಿರುಗಿ ನೋಡಿದಾಗ ಶರಣಮ್ಮ ಮಗಳ ಕೈ ಹಿಡಿದು ನಿಲ್ದಾಣದ ಎದುರಿಗೆ ಬಂದಿದ್ದಳು. ಮಹಾದೇವಿ ನನ್ನ ಬಸ್ಸಿನ ಕಡೆ ನೋಡುತ್ತಿರಲಿಲ್ಲ. ಅವರನ್ನು ಸೇರಿಕೊಂಡು, ಎಲ್ಲರಿಗಿಂತ ಮುಂದೆ, ಶಾಲೆಯ ದಾರಿಯಲ್ಲಿ ಬಿರುಸಾಗಿ ನಡೆಯುತ್ತಿದ್ದಳು.