ವಾರಗಿತ್ತಿಯ ಮುಖ

ಈಚೆಗೆ ನಮ್ಮ ಬೀದಿಯ ತಿರುವಿನಲ್ಲಿ ನೀರಿನ ಟ್ಯಾಂಕರ್ ಮೂತಿ ತೋರಿಸಿದರೆ ಸಾಕು, ಕೈಯಲ್ಲಿ ಸೊಪ್ಪಿನ ಕಂತೆಯಿದ್ದರೂ ನನ್ನ ಬೆರಳುಗಳು ತಾವಾಗಿಯೇ ಇಲ್ಲದ ಸ್ಕೂಟರಿನ ಬ್ರೇಕು ಹಿಡಿಯುತ್ತವೆ. ಟ್ಯಾಂಕರಿನ ತಪ್ಪು ಇಷ್ಟೆ: ಅದು ಬೂದುಬಣ್ಣದ್ದು, ದೊಡ್ಡದು, ಮತ್ತು ಹೇಳದೆ ಕೇಳದೆ ಎದುರಿಗೆ ಬರುತ್ತದೆ. ಕಾರಣ ಹೇಳಬೇಕೆಂದರೆ ಮೊದಲು ಮಂಗಳಕ್ಕನ ವಿಷಯ ಹೇಳಬೇಕು.

ಮಂಗಳಕ್ಕ ನನ್ನ ವಾರಗಿತ್ತಿ, ನನ್ನ ಭಾವನ ಹೆಂಡತಿ. ಗುಂಡ್ಲುಪೇಟೆಯಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಅವಳ ಮಿಕ್ಸಿ ತಿರುಗಿದರೆ ನನಗೆ ಕೇಳಿಸುತ್ತದೆ. ಹೊಸ ಮಿಕ್ಸಿಯಾದರೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ನಾನು ಚಾಮರಾಜನಗರದ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಪಾಠ ಮಾಡುವವಳು. ಮನುಷ್ಯ ತನ್ನನ್ನು ಅಳೆದುಕೊಳ್ಳಲು ಎಲ್ಲೋ ಇರುವ ಸಿರಿವಂತರನ್ನು ಹುಡುಕಿಕೊಂಡು ಹೋಗುವುದಿಲ್ಲ, ಹೆಚ್ಚುಕಡಿಮೆ ತನ್ನಂತೆಯೇ ಇರುವ ಪಕ್ಕದವರನ್ನು ಆರಿಸಿಕೊಳ್ಳುತ್ತಾನೆ ಎನ್ನುತ್ತದೆ ನಮ್ಮ ಶಾಸ್ತ್ರ. ಇದನ್ನು ಕಂಡುಕೊಳ್ಳಲು ವಿದ್ವಾಂಸರು ಬಹಳ ಕಷ್ಟಪಟ್ಟಿರಬೇಕು. ಒಂದೇ ಮನೆಗೆ ಸೊಸೆಯರಾಗಿ ಬಂದ ಇಬ್ಬರನ್ನು ಕೇಳಿದ್ದರೆ ಕಾಫಿ ಆರುವುದರೊಳಗೆ ಹೇಳಿಬಿಡುತ್ತಿದ್ದರು.

ಅದೇ ಶಾಸ್ತ್ರ ಇನ್ನೊಂದು ಮಾತನ್ನೂ ಹೇಳುತ್ತದೆ. ನಮಗೇ ಬೇಕೆನಿಸಿ ಇಟ್ಟುಕೊಂಡ ಗುರಿ ಬಾಳಿಕೆ ಬರುತ್ತದಂತೆ. ಇನ್ನೊಬ್ಬರ ಕಣ್ಣಿಗಾಗಿ ಇಟ್ಟುಕೊಂಡದ್ದು ಆ ಕಣ್ಣು ಬೇರೆಡೆ ತಿರುಗಿದೊಡನೆ ಸೊರಗುತ್ತದಂತೆ. ವಿದ್ಯಾರ್ಥಿಗಳಿಗೆ ಇದನ್ನು ಉದಾಹರಣೆ ಸಮೇತ ವಿವರಿಸುತ್ತೇನೆ. ನನ್ನ ಉದಾಹರಣೆಯನ್ನು ಮಾತ್ರ ಕೊಡುವುದಿಲ್ಲ. ನಲವತ್ತು ದಾಟಿದ ಮೇಲೆ ನಾನು ಸ್ಕೂಟರ್ ಕಲಿತದ್ದು ಮಂಗಳಕ್ಕ ಕಲಿತಳೆಂಬ ಒಂದೇ ಕಾರಣಕ್ಕೆ. ಕಲಿತ ಮೇಲೆ ಗುರಿ ತುಸು ಮುಂದಕ್ಕೆ ಸರಿಯಿತು: ಅವಳನ್ನು ಒಮ್ಮೆಯಾದರೂ ಹಿಂದೆ ಹಾಕಬೇಕು. ಗಾಡಿ ತಿರುಗಿಸುವುದು ಮಾತ್ರ ನನಗೆ ಇನ್ನೂ ಬಾರದು. ಎರಡೂ ಕಾಲು ನೆಲಕ್ಕೂರಿ, ಹಿಂದೆ ಮುಂದೆ ಜಗ್ಗುತ್ತ ನಾನು ಬೆವರುವುದನ್ನು ಅವಳು ಜಗುಲಿಯ ಮೇಲೆ ಕೂತು ನೋಡುತ್ತಾಳೆ. "ಅಲ್ಲ ಕಣಮ್ಮಿ, ಗಾಡಿ ತಿರುಗಿಸ್ತಿದ್ದೀಯೋ, ಬೀರು ಜರುಗಿಸ್ತಿದ್ದೀಯೋ?"

ಕಳೆದ ತಿಂಗಳು ಹಂಗಳದಾಚೆ, ಕಾಡಂಚಿನ ಹಳ್ಳಿಯಲ್ಲಿ ನಂಟರ ಮಗುವಿನ ನಾಮಕರಣವಿತ್ತು. ಇಬ್ಬರೂ ನಮ್ಮ ನಮ್ಮ ಗಾಡಿಯಲ್ಲಿ ಹೋಗಿ, ಊಟ ಮುಗಿಸಿ, ಬಿಸಿಲು ಇಳಿಯುವ ಹೊತ್ತಿಗೆ ಹೊರಟೆವು. ರಸ್ತೆಯ ಒಂದು ಕಡೆ ಚೆಂಡುಹೂವಿನ ಹೊಲ, ಇನ್ನೊಂದು ಕಡೆ ಲಂಟಾನ ಪೊದೆ. ಎಂದಿನಂತೆ ಅವಳು ಮುಂದೆ. ನೇರ ರಸ್ತೆ ಸಿಕ್ಕಿದ್ದೇ ನಾನು ವೇಗ ಹೆಚ್ಚಿಸಿ ಅವಳ ಸಮಕ್ಕೆ ಬಂದೆ. "ಓಗು, ಓಗು. ಒಬ್ಬಟ್ಟು ಕೆಲ್ಸ ಮಾಡ್ತಾದೆ" ಎಂದಳು. ಆ ಮಾತು ಮುಗಿಯುವ ಮೊದಲೇ ಪೊದೆ ಇಬ್ಭಾಗವಾಗಿ ಒಂಟಿ ಸಲಗವೊಂದು ರಸ್ತೆಗೆ ಬಂತು.

ಎರಡೂ ಗಾಡಿಗಳು ಅಕ್ಕಪಕ್ಕದಲ್ಲೇ ನಿಂತವು. ಇಂಜಿನ್ ಮೊದಲು ಆಫ್ ಮಾಡಿದ್ದು ಯಾರೆಂಬುದು ಇಂದಿಗೂ ತೀರ್ಮಾನವಾಗಿಲ್ಲ.

ನಾನು ಆನೆ ಕಾಣದವಳಲ್ಲ. ಆದರೆ ಬಸ್ಸಿನ ಕಿಟಕಿಯಿಂದ ಕಂಡ ಆನೆಯೇ ಬೇರೆ. ನಡುವೆ ಏನೂ ಇಲ್ಲದೆ ನಿಂತಾಗ ಅದು ಪ್ರಾಣಿಯೆಂದೇ ಅನಿಸಲಿಲ್ಲ; ಬೆಟ್ಟದ ಒಂದು ತುಂಡು ಬಿಡಿಸಿಕೊಂಡು ಬಂದು ನಮ್ಮನ್ನು ನೋಡುತ್ತಿತ್ತು. ಕಿವಿ ಅಗಲಿಸಿತು. ಸೊಂಡಿಲೆತ್ತಿ ಗಾಳಿಯಲ್ಲಿ ನಮ್ಮ ವಾಸನೆ ಹುಡುಕಿತು. ಅದರ ಉಸಿರು ಕೇಳಿಸುತ್ತಿತ್ತು. ನಮ್ಮ ಕಡೆಗೆ ಹೆಜ್ಜೆ ಇಟ್ಟಿತು. ಅಷ್ಟು ಭಾರದ ಪಾದ, ಒಂದಿಷ್ಟೂ ಸದ್ದಿಲ್ಲ. ಗಾಡಿ ತಿರುಗಿಸು, ತಿರುಗಿಸು ಎಂದು ನನ್ನ ಮೈಯೆಲ್ಲ ಕೂಗುತ್ತಿತ್ತು. ನಾನು ಬೀರು ಜರುಗಿಸಲು ಶುರುಮಾಡಿದ್ದರೆ ಆ ಗಲಾಟೆಗೆ ಅದು ಖಂಡಿತ ನುಗ್ಗುತ್ತಿತ್ತು. ಕೈ ಕೀಲಿಯವರೆಗೆ ಹೋಗಿತ್ತು ಕೂಡ. ಆಗ ಮಂಗಳಕ್ಕನ ಮುಖ ನೋಡಿದೆ.

ಗ್ಯಾಸ್ ಸಿಲಿಂಡರಿಗೆ ಕಾಯುತ್ತ ನಿಂತವರ ಮುಖ ಅದು. ಒಂದು ಗೆರೆಯೂ ಅಲುಗಿರಲಿಲ್ಲ. ಅವಳೇ ಹೀಗಿದ್ದಾಳೆಂದರೆ ಅಂಥದ್ದೇನೂ ಆಗಲಾರದು ಎಂದುಕೊಂಡೆ. ಅವಳು ನಿಲ್ಲಬಲ್ಲಳಾದರೆ ನಾನೇನು ಕಡಿಮೆ ಎಂಬ ಹಳೆಯ ಹಟವೂ ಇದ್ದಿರಬೇಕು. ಕೈ ಕೆಳಗಿಳಿಯಿತು. ಸಲಗ ಇನ್ನೂ ಸ್ವಲ್ಪ ಹೊತ್ತು ನಮ್ಮನ್ನು ತೂಗಿ ನೋಡಿ, ರಸ್ತೆ ದಾಟಿ, ಹಳದಿ ಹೂಗಳನ್ನು ಸೀಳಿಕೊಂಡು ಹೊರಟುಹೋಯಿತು. ಅದು ಮರೆಯಾದ ಮೇಲೂ ಹೊಲವೆಲ್ಲ ಅಲುಗುತ್ತಿತ್ತು. ಅಥವಾ ಅಲುಗುತ್ತಿದ್ದವಳು ನಾನೋ.

ಹಂಗಳದ ಟೀ ಅಂಗಡಿಯಲ್ಲಿ ಕೂತ ಮೇಲೆ, "ನಿಂಗೆ ಅಷ್ಟು ಧೈರ್ಯ ಎಲ್ಲಿಂದ ಬಂತಕ್ಕ?" ಎಂದೆ.

"ನಂಗೆಲ್ಲಿತ್ತು ಧೈರ್ಯ?" ಎಂದಳು, ಲೋಟವನ್ನು ಬೆಂಚಿನ ಮೇಲಿಟ್ಟು. "ಗಾಡಿ ಬುಟ್ಬುಟ್ಟು ಒಲದೊಳಕ್ಕೆ ಓಡ್ಬುಡನ ಅಂತಿದ್ದೆ ಕಣಮ್ಮಿ. ನಿನ್ ಮಕ ನೋಡ್ದೆ. ಕಾಲೇಜಲ್ಲಿ ಪಾಠ ಮಾಡೋಳಂಗೆ ನಿಂತಿದ್ದೆ. ಮನ್ಸಿನ್ ವಿಸ್ಯ ಓದ್ಕಂಡೋಳು, ಇವ್ಳಿಗೆ ಆನೆ ಮನ್ಸೂ ಗೊತ್ತಿರ್ಬೇಕು ಅನ್ಕಂಡು ನಾನೂ ನಿಂತ್ಬುಟ್ಟೆ."

ನನ್ನ ಮುಖ ಹೆದರಿಕೆಗೆ ಮರಗಟ್ಟಿತ್ತು, ಅಷ್ಟೆ. ಅವಳದೂ ಅಷ್ಟೆ.

ಆನೆಗಿಂತಲೂ ನನ್ನನ್ನು ಬೆರಗುಗೊಳಿಸಿದ್ದು ಇದು. ಹೆದರಿದವರು ತಮ್ಮ ಹೆದರಿಕೆಯನ್ನು ಜೊತೆಯಲ್ಲಿ ಸಿಕ್ಕಿಬಿದ್ದವರ ಮುಖ ನೋಡಿ ಅಳೆದುಕೊಳ್ಳುತ್ತಾರೆ ಎಂದು ವರ್ಷವರ್ಷವೂ ಪಾಠ ಹೇಳಿದ್ದೇನೆ. ಆದರೆ ಅವಳಲ್ಲಿಲ್ಲದ ಧೈರ್ಯ ನೋಡಿ ನಾನು ನಿಂತೆ, ನನ್ನಲ್ಲಿಲ್ಲದ್ದನ್ನು ನೋಡಿ ಅವಳು ನಿಂತಳು. ಇಬ್ಬರ ಬಳಿಯೂ ಇರದ ವಸ್ತು ಎರಡು ಸ್ಕೂಟರುಗಳ ನಡುವಿನ ಮೊಳದಷ್ಟು ಜಾಗದಲ್ಲಿ ಹೇಗೆ ಹುಟ್ಟಿಕೊಂಡಿತು? ಸಾಲದ್ದಕ್ಕೆ ಅದನ್ನು ಒಂದು ಆನೆಯೂ ನಂಬಿತು.

ಮನೆಗೆ ಬಂದ ಮೇಲೆ ಎಲ್ಲ ಮೊದಲಿನಂತೆಯೇ. ಆನೆ ಯಾರಿಗೆ ಹೆಚ್ಚು ಹತ್ತಿರವಿತ್ತು, ಯಾರಿಗೆ ಹೆಚ್ಚು ಭಯವಾಗಿತ್ತು ಎಂದು ಗೋಡೆಯ ಆಚೆ ಈಚೆ ಪೈಪೋಟಿ ನಡೆದೇ ಇದೆ. "ನಿಂದೇನ್ ಭಯ ಬುಡು, ಭಯ ಅಂದ್ರೆ ನಂದು" ಎಂದು ಅದರಲ್ಲೂ ಅವಳೇ ಮುಂದೆ.

ನನ್ನ ಗುರಿಯನ್ನು ಮಾತ್ರ ತಿದ್ದಿಕೊಂಡಿದ್ದೇನೆ. ಮೊನ್ನೆ ಆ ಮಗುವನ್ನು ನೋಡಲು ಮತ್ತೆ ಅದೇ ದಾರಿಯಲ್ಲಿ ಹೋದೆವು. ನೇರ ರಸ್ತೆ ಬಂತು. ಅವಳು ವೇಗ ತಗ್ಗಿಸಿದಳು. ನಾನು ಸಮಕ್ಕೆ ಬಂದೆ, ಮುಂದೆ ಹೋಗಲಿಲ್ಲ. ಹಿಂದಿದ್ದರೆ ನನಗೆ ಕಾಣುವುದು ಅವಳ ಹೆಲ್ಮೆಟ್ಟಿನ ಹಿಂಬದಿ. ಮುಂದೆ ಹೋದರೆ ಅದೂ ಇಲ್ಲ. ಮುಖ ಕಾಣಬೇಕಾದರೆ ಪಕ್ಕದಲ್ಲೇ ಇರಬೇಕು. ಹಿಂದಿನಿಂದ ಬಂದ ಬಸ್ಸಿನ ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸಾಕಾಗಿ, ಕಿಟಕಿಯಿಂದ ತಲೆ ಹೊರಹಾಕಿ, "ಒಬ್ರಾದ್ರೂ ಮುಂದಕ್ಕೋಗ್ರಮ್ಮ" ಎಂದ.

ಇಬ್ಬರೂ ಹೋಗಲಿಲ್ಲ.