ಬೇಗಂಪೇಟೆಯ ಕಾಟಾದ ಮೇಲೆ ನಮ್ಮ ಅತ್ತೆ

ಐವತ್ತಾರರಲ್ಲಿ ಹೈದರಾಬಾದ್ ರಾಜ್ಯ ಒಡೆದು ಬೇರೆಯಾದ ಮೇಲೆ ನಮ್ಮ ಹುಮನಾಬಾದಿನ ಕಚೇರಿ ಕೆಲಸಗಳೆಲ್ಲ ಬೆಂಗಳೂರಿನ ದಾರಿ ಹಿಡಿದವು. ವಿಮಾನ ಮಾತ್ರ ಹೈದರಾಬಾದಿನದೇ ಉಳಿಯಿತು. ನಿಜಾಮರ ಕಾಲದಲ್ಲೇ ಬೇಗಂಪೇಟೆಯಲ್ಲಿ ವಿಮಾನ ಇಳಿಯುತ್ತಿತ್ತೆಂದು ಹೇಳುವಾಗ ನಮ್ಮ ಮಾವ, ತಾವೇ ಅದನ್ನು ಕಟ್ಟಿಸಿಕೊಟ್ಟವರ ಹಾಗೆ ಎದೆ ಉಬ್ಬಿಸುತ್ತಿದ್ದರು. ಹತ್ತಿದ್ದಂತೂ ಒಮ್ಮೆಯೂ ಇಲ್ಲ. ಅವರು ತೀರಿಕೊಂಡು ಕೆಲವು ವರ್ಷಗಳಾದ ಮೇಲೆ, ಎಪ್ಪತ್ತರ ದಶಕದಲ್ಲಿ, ಅತ್ತೆ ವಿಮಾನ ಹತ್ತಲು ಹೊರಟರು. ಜೊತೆಗೆ ಸೊಸೆಯಾದ ನಾನು.

ನಮ್ಮೂರಿನವರೂ ಬಸವಕಲ್ಯಾಣದವರೂ ಕೂಡಿದ ಭಜನಾ ಮಂಡಳಿ ಕಾಶಿಗೆ ಇಡೀ ಒಂದು ವಿಮಾನವನ್ನೇ ಗೊತ್ತು ಮಾಡಿತ್ತು, ಲಗ್ನಕ್ಕೆ ಬಸ್ಸು ಮಾಡಿದ ಹಾಗೆ. ಬಾಡಿಗೆಗೆ ವಿಮಾನ ಓಡಿಸುವ ಸಣ್ಣ ಕಂಪನಿಯೊಂದರ ಹಳೆಯ ಡಕೋಟಾ ಅದು. ಮಂಡಳಿಯ ಮುಖ್ಯಸ್ಥರಾದ ತೊಗರಿ ಸಾವುಕಾರರು, "ಗಾಡಿ ನಮ್ದ ಐತಿ, ಏನ್ ಬೇಕಾದ್ರೂ ತರ್ರಿ" ಎಂದದ್ದೇ ತಡ, ಜನ ಬೀಸುವ ಕಲ್ಲೊಂದನ್ನು ಬಿಟ್ಟು ಮನೆಯನ್ನೆಲ್ಲ ಹೊತ್ತು ತಂದಿದ್ದರು.

ಬೇಗಂಪೇಟೆಯಲ್ಲಿ ಕಂಪನಿಯ ಗುಮಾಸ್ತ, ನಮ್ಮ ಕಡೆಯವನೇ, ಗಂಟುಮೂಟೆಗಳನ್ನು ಕಾಟಾದ ಮೇಲಿಟ್ಟು ತೂಗಿದ. ಅರ್ಧಕ್ಕರ್ಧ ಅಲ್ಲೇ ಉಳಿಯಿತು. ಆಮೇಲೆ ಆತ, "ಈಗ ನೀವ್ ಒಬ್ಬೊಬ್ರ ಕಾಟಾದ ಮ್ಯಾಲ ನಿಂದರ್ರಿ. ಸಣ್ಣ ವಿಮಾನ, ಭಾರ ಗೊತ್ತಿರಲಾರದ ಹಾರಂಗಿಲ್ಲ" ಎಂದ. ಗಂಡಸರು ನಗುತ್ತ ನಿಂತು ಇಳಿದರು. ಅತ್ತೆ ಹಿಂದೆ ಸರಿದರು.

ನಮ್ಮ ಕಡೆ ಹರಕೆ ತೀರಿಸುವಾಗ ಮನುಷ್ಯರನ್ನು ಬೆಲ್ಲದ ತೂಕಕ್ಕೆ ತೂಗಿ, ಆ ಬೆಲ್ಲ ಹಂಚುತ್ತಾರೆ. ಅದೊಂದಕ್ಕೆ ಬಿಟ್ಟರೆ ಜೀವಂತ ಮನುಷ್ಯರು ತಕ್ಕಡಿ ಏರುವುದನ್ನು ಅತ್ತೆ ಕಂಡವರಲ್ಲ.

"ಗಂಡನ್ನ ಕಳಕೊಂಡಾಕಿ ನಾ. ನನಗ್ಯಾಕ ತುಲಾಭಾರ? ಪಾಪ ಹತ್ತತೈತಿ" ಎಂದರು.

ಇದು ತುಲಾಭಾರವಲ್ಲ ಎಂದು ಗುಮಾಸ್ತ ಕೈ ಮುಗಿದು ಹೇಳಿದ. ಅತ್ತೆ ಜಗ್ಗಲಿಲ್ಲ. ಹೊರಗೆ ಪೈಲಟ್ ಗಡಿಯಾರ ನೋಡುತ್ತಿದ್ದ. ಸಾವುಕಾರರು ನನ್ನನ್ನು ಬದಿಗೆ ಕರೆದು, "ತಂಗಿ, ಅತ್ತೀನ ಬಸ್ಸಿಗಿ ಹಚ್ಚಿ ಬಾ. ಒಬ್ಬರ ಸಲುವಾಗಿ ಎಲ್ಲಾರೂ ನಿಂದರೋದಾ?" ಎಂದರು. ನನಗೆ ಮೈಯೆಲ್ಲ ಉರಿಯಿತು. ಬಿಸಿಲಲ್ಲಿ ಬರಿಗಾಲಲ್ಲಿ ಭಜನೆಗೆ ಹೋಗಿಬಂದು, ಕಾಶಿ ಕಾಶಿ ಎಂದು ಜಪಿಸಿದ ಜೀವವನ್ನು ಕಾಟಾದ ಹತ್ತಿರದಿಂದ ತಿರುಗಿ ಕಳಿಸುವುದೆ?

"ಅತ್ತೀ, ತುಲಾಭಾರ ಅಂತನೇ ತಿಳಕೋರಿ. ಹರಕಿ ನಂದು. ನಿಮ್ಮ ತೂಕದ ಬೆಲ್ಲ ಊರಿಗಿ ಹೋದಮ್ಯಾಲ ನಾ ಹಂಚ್ತೀನಿ" ಎಂದು ಎಲ್ಲರೆದುರೇ ಜೋರಾಗಿ ಹೇಳಿದೆ.

ಸಾವುಕಾರರು ನಾಲಿಗೆ ಕಚ್ಚಿಕೊಂಡರು. "ವಿಧವೇರಿಗಿ ತುಲಾಭಾರ ಮಾಡೋ ಪದ್ಧತಿ ನಮ್ಮಾಗ ಇಲ್ಲವ್ವ!"

ತಾವೇ ಆಡಿದ್ದ ಮಾತು ಸಾವುಕಾರರ ಬಾಯಿಂದ ಬಂದಾಗ ಅತ್ತೆಗೆ ಚುರುಕು ಮುಟ್ಟಿತು. ನನ್ನ ಅತ್ತೆಯ ಸಿಟ್ಟು ಓಣಿಗೇ ಗೊತ್ತು.

"ಪದ್ಧತಿ ಇಲ್ಲೇನ್ರಿ ಸಾವ್ಕಾರ? ವಿಮಾನದಾಗ ಕಾಶಿಗಿ ಹೋಗೋ ಪದ್ಧತಿ ನಿಮ್ಮ ಮುತ್ಯಾ ಹಾಕಿಕೊಟ್ಟಿದ್ನೇನು?"

ಸೆರಗು ಬಿಗಿದು ಅತ್ತೆ ಕಾಟಾ ಏರಿದರು. ಗುಮಾಸ್ತ ಸಂಕೋಚದಿಂದ ತೂಕವನ್ನು ಮೆಲ್ಲಗೆ ಹೇಳಿದ. "ಜೋರಲೆ ಹೇಳೋ ತಮ್ಮಾ, ಕಳ್ಳತನ ಏನ್ ಮಾಡೀನಿ?" ಎಂದರು ಅತ್ತೆ. ಅಂಥವರ ಸೊಸೆ ನಾನು ಎಂದು ಆ ದಿನ ಎಷ್ಟು ಹೆಮ್ಮೆಪಟ್ಟೆನೋ! ಈಗಲೂ ಅದು ಒಂದು ಗುಂಜಿಯಷ್ಟೂ ಇಳಿದಿಲ್ಲ.

ಕಾಶಿಯಿಂದ ಬಂದ ವಾರದಲ್ಲೇ ನಮ್ಮ ಕಟ್ಟೆಯ ಮೇಲೆ ಕೂತು ಅತ್ತೆ ತಮ್ಮ ಕೈಯಾರೆ ಬೆಲ್ಲ ಹಂಚಿದರು. ಮದುವೆ ಮುಂಜಿಗಳಲ್ಲಿ ಹಿಂದಿನ ಬಾಗಿಲಲ್ಲಿ ನಿಲ್ಲುತ್ತಿದ್ದ ಓಣಿಯ ವಿಧವೆಯರೂ ಬಂದರು. ಅವರಲ್ಲೊಬ್ಬಾಕೆ, ಇನ್ನೂ ಎಳೆಯ ವಯಸ್ಸಿನವಳು, ಬೆಲ್ಲ ತೆಗೆದುಕೊಂಡು ಹೋಗದೆ ಅಲ್ಲೇ ನಿಂತಳು.

"ಆ ಕಾಟಾದ ಮ್ಯಾಲ ನಮ್ಮಂಥವರೂ ನಿಂದರಬಹುದೇನ್ರಿ ಆಯಿ?"

"ನಿಂದ್ರಲಿಲ್ಲಂದ್ರ ವಿಮಾನ ಹತ್ತಗೊಡಂಗೇ ಇಲ್ಲವ್ವ" ಎಂದರು ಅತ್ತೆ.